ಹೆಂಡತಿ 0.8, ಮಗು 0.6, ಅಪ್ಪ-ಅಮ್ಮ ಸೊನ್ನೆ

ಬೆಂಗಳೂರಲ್ಲಿ ವರ್ಷಗಟ್ಟಲೆ ದುಡಿದವರಿಗೆಲ್ಲ ಈಗ ಹಾಸನದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ. ಸಂತೋಷ, ಬರಲಿ. ಆದರೆ ಗಂಟುಮೂಟೆ ಕಟ್ಟುವ ಮೊದಲು ಎಲ್ಲರದ್ದೂ ಒಂದೇ ಪ್ರಶ್ನೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ, ಇಷ್ಟು ಜನ ಊರಲ್ಲಿ ಆರಾಮಾಗಿ ಇರೋಕೆ ತಿಂಗಳಿಗೆ ಎಷ್ಟು ಬೇಕು? ನಾನು ಊರು ಬಿಡದೆ ಇಲ್ಲೇ ಉಳಿದವನು, ಹಾಗಾಗಿ ನನಗೆ ಗೊತ್ತಿರಲೇಬೇಕು ಅಂತ ಅವರ ನಂಬಿಕೆ. ಏನು ಹೇಳಿದರೂ ಒಪ್ಪುವುದಿಲ್ಲ. ಇಪ್ಪತ್ತೈದು ಸಾವಿರ ಅಂದರೆ "ಅಷ್ಟರಲ್ಲಿ ಹೇಗಪ್ಪಾ?" ಅನ್ನುತ್ತಾರೆ. ಎಂಬತ್ತು ಸಾವಿರ ಅಂದರೆ "ಊರಲ್ಲೂ ಅಷ್ಟು ಬೇಕು ಅನ್ನೋದಾದ್ರೆ ಇಲ್ಲೇ ಇರ್ತೀವಿ ಬಿಡು" ಅನ್ನುತ್ತಾರೆ.

ಅದಕ್ಕೇ ಸರ್ಕಾರದ ಲೆಕ್ಕವನ್ನೇ ತೆಗೆದು ನೋಡೋಣ ಅಂದುಕೊಂಡೆ. ಒಂದು ಸಂಸಾರ ಬದುಕಲು ಎಷ್ಟು ಬೇಕು ಎಂಬುದಕ್ಕೆ, ಕನಿಷ್ಠ ಕೂಲಿ ಗೊತ್ತುಮಾಡಲೆಂದು, ನಮ್ಮಲ್ಲಿ 1957ರಿಂದಲೇ ಸೂತ್ರ ಇದೆ. ಆ ವರ್ಷ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಒಪ್ಪಿಕೊಂಡಿದ್ದು. ಕೂನೂರಿನಲ್ಲಿ ಪೌಷ್ಟಿಕತೆಯ ಸಂಶೋಧನೆ ಮಾಡಿದ್ದ ಡಾ. ಆಯ್ಕ್ರಾಯ್ಡ್ ಎಂಬ ಪುಣ್ಯಾತ್ಮರು ಹಾಕಿಕೊಟ್ಟ ಊಟದ ಲೆಕ್ಕವೇ ಅದರ ತಳಪಾಯ. ದೊಡ್ಡವರೊಬ್ಬರಿಗೆ ದಿನಕ್ಕೆ 2,700 ಕ್ಯಾಲರಿ. ಸರಿ, ಮುದ್ದೆ ಉಂಡು ಬೆಳೆದವರಿಗೆ ಇದರಲ್ಲಿ ತಕರಾರಿಲ್ಲ. ಸಂಸಾರ ಅಂದರೆ ದುಡಿಯುವವನು, ಹೆಂಡತಿ, ಇಬ್ಬರು ಮಕ್ಕಳು. ಒಟ್ಟು ನಾಲ್ಕು ಜನ ಅಂತ ನೀವು ಅಂದುಕೊಂಡರೆ ನಿಮಗೆ ಕೂಡುವ ಲೆಕ್ಕ ಬರುವುದಿಲ್ಲ. ಊಟದ ಲೆಕ್ಕದಲ್ಲಿ ಇವರು ಮೂರು ಆಳು! ವೇತನ ಆಯೋಗಗಳು ಇದನ್ನು ಬಿಡಿಸಿಯೂ ಹೇಳಿವೆ. ಗಂಡ 1, ಹೆಂಡತಿ 0.8, ಮಕ್ಕಳು ತಲಾ 0.6.

ಹದಿನಾಲ್ಕು ವರ್ಷದ ಹುಡುಗನನ್ನು ಬೀಗರೂಟದ ಪಂಕ್ತಿಯಲ್ಲಿ ಕೂರಿಸಿ ಬಡಿಸಿದವರು ಯಾರಾದರೂ ಈ 0.6 ಅನ್ನು ನಂಬುತ್ತಾರಾ? ಇರಲಿ, ಅದು ಹುಡುಗರ ವಿಷಯ. ಹೆಂಡತಿಯ ವಿಷಯ ಇನ್ನೂ ಚೆನ್ನಾಗಿದೆ. ಉಣ್ಣುವಾಗ ಅವಳು 0.8. ದುಡಿಯುವಾಗ ಎಷ್ಟು ಗೊತ್ತಾ? ಸೊನ್ನೆ. ಹೆಂಗಸರ ಸಂಪಾದನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಅದೇ ಸಮ್ಮೇಳನ ಹೇಳಿತ್ತು. ಒಬ್ಬನ ಕೂಲಿಯಲ್ಲೇ ಮನೆ ನಡೆಯುವಂತಿರಬೇಕು ಅನ್ನುವ ಒಳ್ಳೆಯ ಉದ್ದೇಶವೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಲ್ಯಾಪ್‌ಟಾಪ್ ಬ್ಯಾಗಿನ ಸಮೇತ ಊರಿಗೆ ಬರುತ್ತಿರುವ ಸೊಸೆ, ಗಂಡನಿಗಿಂತ ಜಾಸ್ತಿ ಸಂಬಳ ತರುತ್ತಿರುವವಳು, ಈ ಕಾಗದವನ್ನು ಓದದಿರುವುದೇ ಒಳ್ಳೆಯದು.

ಅಪ್ಪ-ಅಮ್ಮ? ಆ ಸೂತ್ರದಲ್ಲಿ ಅವರಿಗೆ ಜಾಗವೇ ಇಲ್ಲ. ಅಲ್ಲ ಸ್ವಾಮಿ, ಇವನು ಊರಿಗೆ ಬರುತ್ತಿರುವುದೇ ಅವರಿಗೋಸ್ಕರ. ಅಮ್ಮನ ಮಂಡಿ ನೋವು, ಅಪ್ಪನ ಬಿಪಿ ಮಾತ್ರೆ, ಕಣ್ಣಿನ ಪೊರೆ, ಹಾಸನದ ಡಾಕ್ಟರು ನೋಡಿ ಹೇಳಿದ ಮೇಲೂ ಒಂದು ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದುಬಿಡೋಣ ಅನ್ನುವ ನೆಂಟರ ಒತ್ತಾಯ, ಆ ಕಾರಿನ ಬಾಡಿಗೆ, ದಾರಿಯಲ್ಲಿ ತಿಂಡಿ, ಇದೆಲ್ಲ ಸೊನ್ನೆಯ ಖರ್ಚು.

ಬಟ್ಟೆಗೆ ಬನ್ನಿ. 1957ರ ಲೆಕ್ಕದಲ್ಲಿ ಸಂಸಾರವೊಂದಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಆಮೇಲೆ ದೇಶ ಮುಂದುವರಿಯಿತು, ಟಿವಿ ಬಂತು, ಮೊಬೈಲ್ ಬಂತು, ಕೂಲಿ-ಸಂಬಳದ ಹೊಸ ಕಾನೂನಾದ ವೇತನ ಸಂಹಿತೆ ಬಂತು. ಅದಕ್ಕಾಗಿ 2020ರಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ ಬಟ್ಟೆಯ ಅಳತೆಯನ್ನೂ ಹೊಸದು ಮಾಡಿದರು. ಎಷ್ಟು? 66 ಮೀಟರ್. ಕ್ಯಾಲ್ಕ್ಯುಲೇಟರ್ ತೆಗೆದು ನೋಡಿ, 66 ಮೀಟರ್ ಅಂದರೆ 72 ಗಜವೇ. ಅರವತ್ತು ವರ್ಷದಲ್ಲಿ ಬದಲಾಗಿದ್ದು ಟೇಪು ಮಾತ್ರ.

ಅದೇ ಕರಡಿನಲ್ಲಿ ಮನೆ ಬಾಡಿಗೆ ಎಂದರೆ ಊಟ ಮತ್ತು ಬಟ್ಟೆಯ ಖರ್ಚಿನ ಶೇಕಡ 10. ಊಟ, ಬಟ್ಟೆಗೆ ತಿಂಗಳಿಗೆ 15,000 ಅಂದುಕೊಂಡರೂ ಬಾಡಿಗೆ 1,500 ರೂಪಾಯಿ. ವಿದ್ಯಾನಗರದಲ್ಲೋ ಸಾಲಗಾಮೆ ರಸ್ತೆಯಲ್ಲೋ ಈ ದರ ಹೇಳಿ ಮನೆ ಕೇಳಿ ನೋಡಿ. ಓನರ್ ಬೈಯುವುದಿಲ್ಲ, ನಮ್ಮ ಕಡೆಯವರು ಮರ್ಯಾದಸ್ಥರು. "ದಿನಕ್ಕಾ ಸಾರ್?" ಅಂತ ಕೇಳುತ್ತಾರೆ ಅಷ್ಟೇ.

ಇದೆಲ್ಲ ಕನಿಷ್ಠ ಕೂಲಿಯ ಲೆಕ್ಕ, ಆರಾಮದ ಲೆಕ್ಕ ಅಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ನಿಜ. ಹಾಗಾದರೆ ಸ್ವಲ್ಪ ಮೇಲೆ ನೋಡೋಣ. 7ನೇ ರಾಜ್ಯ ವೇತನ ಆಯೋಗದ ವರದಿಯ ಮೇಲೆ 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27,000 ಆಗಿದೆ. ಇನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಳೇ ಸೂತ್ರಕ್ಕೆ ಒಂದು ಮಾತು ಸೇರಿಸಿತ್ತು. ಮಕ್ಕಳ ಓದು, ಔಷಧ, ಹಬ್ಬ-ಹರಿದಿನ, ಮುಪ್ಪು, ಮದುವೆ, ಇವಕ್ಕೆಲ್ಲ ಕನಿಷ್ಠ ಕೂಲಿಯ ಶೇಕಡ 25 ಬೇಕು ಅಂತ. ಕೋರ್ಟಿಗೆ ಕೈಮುಗಿಯೋಣ, ಅಲ್ಲಿಯವರೆಗೆ ಹಬ್ಬ ಅನ್ನುವುದೊಂದು ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಈಗ 27,000ದ ಕಾಲು ಭಾಗ 6,750. ಇಬ್ಬರು ಮಕ್ಕಳ ಸ್ಕೂಲ್ ಫೀಸು, ವ್ಯಾನು, ಟ್ಯೂಷನ್ನು, ಜ್ವರ, ಗೌರಿ ಹಬ್ಬ, ತಂಗಿಯ ಮದುವೆ ಎಲ್ಲವನ್ನೂ ಆ ದುಡ್ಡಿನಲ್ಲಿ ಮುಗಿಸಿ, ಉಳಿದದ್ದನ್ನು ಮುಪ್ಪಿಗೆ ಎತ್ತಿಡಿ.

ಇಷ್ಟಕ್ಕೂ ಊರಿಗೆ ಬಂದವನು ಬಡವನಾ, ಮಧ್ಯಮನಾ, ಶ್ರೀಮಂತನಾ? ಅದು ಅವನು ಯಾವ ಕೌಂಟರ್ ಮುಂದೆ ನಿಂತಿದ್ದಾನೆ ಅನ್ನುವುದರ ಮೇಲೆ ನಿಂತಿದೆ. ತಿಂಗಳಿಗೆ 60,000 ಸಂಪಾದಿಸುತ್ತಾನೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ 7.20 ಲಕ್ಷ. ರೇಷನ್ ಕಾರ್ಡಿನ ಕೌಂಟರಿನಲ್ಲಿ ಬಿಪಿಎಲ್ ಗೆರೆ ಇರುವುದು 1.20 ಲಕ್ಷಕ್ಕೆ, ಆದ್ದರಿಂದ ಅಲ್ಲಿ ಅವನು ಸಾಹುಕಾರ. ಪಕ್ಕದ ಇಡಬ್ಲ್ಯುಎಸ್ ಮೀಸಲಾತಿಯ ಕೌಂಟರಿನಲ್ಲಿ, ಬೇರೆ ಮೀಸಲಾತಿ ಪಟ್ಟಿಯಲ್ಲಿ ಇಲ್ಲದವನಾದರೆ, ಜಮೀನು-ಮನೆಯ ಷರತ್ತು ದಾಟಿದರೆ, 8 ಲಕ್ಷದವರೆಗೆ ಅವನು ಆರ್ಥಿಕವಾಗಿ ದುರ್ಬಲ. ಹಿಂದುಳಿದ ವರ್ಗದವನಾದರೆ ಅದೇ 8 ಲಕ್ಷ ದಾಟಿದ ಕೂಡಲೇ ಕೇಂದ್ರದ ಲೆಕ್ಕದಲ್ಲಿ ಕೆನೆಪದರ, ಮೀಸಲಾತಿ ಇಲ್ಲ. ಅಂದರೆ 8 ಲಕ್ಷ ಅನ್ನುವುದು ಒಬ್ಬರ ದೌರ್ಬಲ್ಯದ ತುದಿ, ಇನ್ನೊಬ್ಬರ ಕೆನೆಯ ಶುರು. (ಕೆನೆಯ ಲೆಕ್ಕದಲ್ಲಿ ಸಂಬಳ, ಬೇಸಾಯದ ಆದಾಯ ಸೇರುವುದಿಲ್ಲ, ದುರ್ಬಲರ ಲೆಕ್ಕದಲ್ಲಿ ಎರಡೂ ಸೇರುತ್ತವೆ. ತಲೆ ಕೆಡಿಸಿಕೊಳ್ಳಬೇಡಿ, ಕೆಡಿಸಿಕೊಂಡರೆ ಡಾಕ್ಟರ್ ಖರ್ಚು ಆ 6,750ರಲ್ಲೇ ಬರಬೇಕು.) ಇನ್ನು ಆದಾಯ ತೆರಿಗೆಯವರು ದೊಡ್ಡ ಮನಸ್ಸಿನವರು, 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಕಟ್ಟಬೇಕಿಲ್ಲ ಅನ್ನುತ್ತಾರೆ. 1.20 ಲಕ್ಷ ದಾಟಿದರೆ ಅಕ್ಕಿ ಕೊಡುವಷ್ಟು ಬಡವನಲ್ಲ, 12 ಲಕ್ಷ ದಾಟುವವರೆಗೆ ತೆರಿಗೆ ಕೇಳುವಷ್ಟು ಗಟ್ಟಿಯಲ್ಲ. ನಡುವಿನ ಜಾಗದಲ್ಲಿ ಅವನು ಏನು ಅನ್ನುವುದನ್ನು ಯಾವ ಇಲಾಖೆಯೂ ಹೇಳಿಲ್ಲ.

2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರ ನೆನಪಿರಬಹುದು. ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಖರ್ಚು ಮಾಡುವವನು ಬಡವನಲ್ಲ. ಆಗ ನಮ್ಮೂರಿನ ರಿಂಗ್ ರಸ್ತೆಯ ಆಚೆ ಬದಿಗೆ ಮನೆ ಮಾಡಿದ್ದರೆ ದಿನಕ್ಕೆ ಆರು ರೂಪಾಯಿ ಕಮ್ಮಿಯಲ್ಲೇ ಬಡತನದಿಂದ ಪಾರಾಗಬಹುದಿತ್ತು. ಆ ಆಯೋಗವೇ ಈಗ ಇಲ್ಲ.

ಸರ್ಕಾರವನ್ನಷ್ಟೇ ಯಾಕೆ ಬೈಯಬೇಕು? ಬರುವವರ ಎಕ್ಸೆಲ್ ಶೀಟು ಅದಕ್ಕಿಂತ ಮಜವಾಗಿರುತ್ತದೆ. ಹಾಲು, ತರಕಾರಿ, ಗ್ಯಾಸು, ಇಂಟರ್ನೆಟ್ಟು, ಜಿಮ್ಮು, ಎಲ್ಲಕ್ಕೂ ಒಂದೊಂದು ಸಾಲು. ತರಕಾರಿಯ ಮುಂದೆ "ಊರಲ್ಲಿ ಅಗ್ಗ" ಅಂತ ಷರಾ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಬಂದು ಒಂದು ದಿನ ಬೀನ್ಸ್ ರೇಟು ಕೇಳಿದರೆ ಷರಾ ತಾನಾಗೇ ಅಳಿಸಿಹೋಗುತ್ತದೆ. ಆದರೆ ಆ ಶೀಟಿನಲ್ಲಿ ಯಾರೂ ಬರೆಯದ ಸಾಲೊಂದಿದೆ. ಮುಯ್ಯಿ.

ಬೆಂಗಳೂರಲ್ಲಿ ಇರುವವರೆಗೆ "ರಜಾ ಸಿಗಲಿಲ್ಲ ಅತ್ತೆ" ಅಂದರೆ ಮುಗಿಯಿತು. ಊರಲ್ಲಿ ಹಾಗೆ ಹೇಳಿ ಸಂಜೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡೋಕೆ ಆಗುವುದಿಲ್ಲ, ಅತ್ತೆಯೂ ಅಲ್ಲೇ ವಾಕಿಂಗ್ ಮಾಡುತ್ತಿರುತ್ತಾರೆ. ನಿಮ್ಮ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ನಿಮ್ಮ ಅಪ್ಪ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದಾರೆ. ಊರು, ಹೆಸರು, ಮೊತ್ತ, ಅದರಲ್ಲಿ ಒಂದು ರೂಪಾಯಿ ನಾಣ್ಯವೂ ಸೇರಿ. ನೀವು ಲಗೇಜ್ ಇಳಿಸಿದ ವಾರವೇ ಆ ಬುಕ್ಕು ಬೀರುವಿನಿಂದ ಹೊರಗೆ ಬರುತ್ತದೆ. ಅಂದು 101 ಹಾಕಿದವರಿಗೆ ಇಂದು 101 ಹಾಕಿದರೆ ಸಂಬಂಧ ಹರಿಯುತ್ತದೆ, 1,001 ಹಾಕಿದರೆ "ಬೆಂಗಳೂರು ದುಡ್ಡು" ಅನ್ನುತ್ತಾರೆ, ನಡುವಿನ ಸರಿಯಾದ ಮೊತ್ತ ಯಾವುದು ಅಂತ ಅಮ್ಮನಿಗೆ ಮಾತ್ರ ಗೊತ್ತು. ಮದುವೆ, ಅದರ ಬೀಗರೂಟ, ಗೃಹಪ್ರವೇಶ, ನಾಮಕರಣ, ತಿಥಿ. ಏಪ್ರಿಲ್-ಮೇ ತಿಂಗಳಲ್ಲಿ ಒಂದೇ ದಿನ ಮೂರು ಕಡೆ ಹಾಜರಿ, ಒಂದು ಚನ್ನರಾಯಪಟ್ಟಣದಲ್ಲಿ, ಒಂದು ಅರಕಲಗೂಡಿನಲ್ಲಿ, ಇನ್ನೊಂದು ಬೇಲೂರಿನ ಆಚೆ. ಪೆಟ್ರೋಲ್ ಬೇರೆ.

ದೀಪಾವಳಿ ಹತ್ತಿರ ಬಂದರೆ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ವರ್ಷಕ್ಕೆ ಒಂದೇ ಸಲ, ಕೆಲವೇ ದಿನ. ಜೊತೆಗೆ ನಿಮ್ಮ ಮನೆಯ ಬಾಗಿಲೂ. ಬೆಂಗಳೂರಲ್ಲಿ ಪಕ್ಕದ ಬೀದಿಯಲ್ಲಿದ್ದರೂ ಬಾರದಿದ್ದ ನೆಂಟರು ಇಲ್ಲಿಗೆ ಬರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ, ಬಹಳ ಒಳ್ಳೆಯ ಯೋಜನೆ. ಬಸ್ ಚಾರ್ಜು ಸರ್ಕಾರದ್ದು, ತಿಂಡಿ-ಊಟ ನಿಮ್ಮದು. ಕ್ಯೂನಲ್ಲಿ ನಿಲ್ಲೋಕೆ ಆಗಲ್ಲ ಅಂದವರಿಗೆ 300ರ ಟಿಕೆಟ್ಟು, ಇನ್ನೂ ಬೇಗ ಬೇಕು ಅಂದವರಿಗೆ 1,000ದ ಟಿಕೆಟ್ಟು. ಯಾರು ಕೊಡುವುದು ಅಂತ ಕೌಂಟರಿನ ಮುಂದೆ ಜಗಳ ಆಡಿ ಕೊನೆಗೆ ಗೆಲ್ಲುವುದು ನೀವೇ, ಊರಿನವರಲ್ಲವಾ.

ಒಂದು ಖರ್ಚು ಮಾತ್ರ ಖಂಡಿತ ಉಳಿಯುತ್ತದೆ. ನಮ್ಮ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ 2007ರಲ್ಲೇ ಅಡಿಗಲ್ಲು ಹಾಕಿದ್ದಾರೆ, ಆದ್ದರಿಂದ ವಿಮಾನದ ಟಿಕೆಟ್ಟಿಗೆ ಅಂತ ಏನೂ ಎತ್ತಿಡಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗೆಳೆಯನೊಬ್ಬ ಫೋನಿನಲ್ಲಿ ಪಟ್ಟು ಬಿಡಲಿಲ್ಲ. "ಅದೆಲ್ಲ ಇರ್ಲಿ, ಒಂದು ನಂಬರ್ ಹೇಳು." ಸರಿ ಅಂತ ಚಿಕ್ಕಪ್ಪನ ಮನೆಗೆ ಹೋಗಿ ಕೇಳಿದೆ. ಅವರದ್ದು ಸ್ವಲ್ಪ ತೋಟ, ಸ್ವಲ್ಪ ಅಂಗಡಿ, ಸ್ವಲ್ಪ ಬಡ್ಡಿ. ನಾಡಕಚೇರಿಯಲ್ಲಿ ಅವರ ಆದಾಯ ಒಂದು, ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಇನ್ನೊಂದು, ಮಗನಿಗೆ ಹೆಣ್ಣು ನೋಡಲು ಹೋದಾಗ ಮತ್ತೊಂದು.

"ಮನೆ ನಡೆಸೋಕೆ ತಿಂಗಳಿಗೆ ಎಷ್ಟು ಬೇಕು ಚಿಕ್ಕಪ್ಪ?" ಅಂದೆ.

"ಅದನ್ನ ನಾನು ನಿಮ್ಮ ಚಿಕ್ಕಮ್ಮನಿಗೇ ಹೇಳಿಲ್ಲ ಕಣೋ" ಅಂದರು.

ಒಳಗಿಂದ ಚಿಕ್ಕಮ್ಮನ ದನಿ ಬಂತು. "ಹೋದ ತಿಂಗಳು ಮೂವತ್ತೆಂಟು ಸಾವಿರದ ನಾನೂರು. ಅದರಲ್ಲಿ ಹನ್ನೊಂದು ಸಾವಿರ ಇವರ ಮುಯ್ಯಿ. ಬರ್ಕೋ."

ಚಿಕ್ಕಪ್ಪ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕೈಯಲ್ಲಿದ್ದ ಪೆನ್ನು ಹಿಡಿದುಕೊಂಡರು. "ಎಲ್ಲಿಗಾದ್ರೂ ಬರೆದುಗಿರೆದೀಯ ಮಾರಾಯ. ರೇಷನ್ ಕಾರ್ಡ್ ಹೋಗುತ್ತೆ."