ಮಾವನ ಪೈಪೂ ನನ್ನ ಗನ್ನೂ

ನಮ್ಮ ಹಳೇ ವ್ಯಾಗನಾರ್‌ಗೆ ನಾಲ್ಕು ಚಕ್ರ, ಚಕ್ರಕ್ಕೆ ನಾಲ್ಕು ನಟ್ಟು. ಒಟ್ಟು ಹದಿನಾರು. ಅವನ್ನು ಬಿಚ್ಚಲು ನಾನು ಹದಿನಾರು ಸಾವಿರ ಖರ್ಚು ಮಾಡಿದ್ದೇನೆ. ನಟ್ಟಿಗೆ ಸಾವಿರದಂತೆ. ಈ ಲೆಕ್ಕ ನನ್ನದಲ್ಲ, ನನ್ನ ಹೆಂಡತಿಯದು.

ಶುರುವಾಗಿದ್ದು ಯುಗಾದಿಗೆ ತುಮಕೂರಿನ ಮಾವನ ಮನೆಗೆ ಹೊರಟಾಗ. ದಾಬಸ್‌ಪೇಟೆ ದಾಟುತ್ತಿದ್ದಂತೆ ಹಿಂದಿನ ಚಕ್ರ ಪಂಚರ್. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಉತ್ಸಾಹವೂ ಇತ್ತು. ನಟ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಿಂದಿನ ವಾರವಷ್ಟೇ ಪಂಚರ್ ಅಂಗಡಿಯ ಹುಡುಗ ಏರ್ ಗನ್ನಿನಲ್ಲಿ ಗರ್ರ್ ಅಂತ ಬಿಗಿದು, ಸಾಲದ್ದಕ್ಕೆ ವೀಲ್ ಪಾನದ ಮೇಲೆ ಹತ್ತಿ ಎರಡು ಸಲ ಕುಣಿದಿದ್ದ. "ಇನ್ನು ಬಿಚ್ಚೋ ಮಾತೇ ಇಲ್ಲ ಸಾರ್" ಅಂದಿದ್ದ. ಮಾತಿಗೆ ತಪ್ಪದ ಹುಡುಗ.

ನಾನೂ ಪಾನದ ಮೇಲೆ ಕುಣಿದೆ. ನಟ್ಟು ಬಿಡಲಿಲ್ಲ, ಹಬ್ಬದ ಹೊಸ ಪ್ಯಾಂಟು ಬಿಟ್ಟುಕೊಂಡಿತು. ಕೊನೆಗೆ ಲಾರಿ ಡ್ರೈವರ್ ಒಬ್ಬರು ನನ್ನನ್ನು ಪಕ್ಕಕ್ಕೆ ಸರಿಸಿ, ಪಾನಕ್ಕೊಂದು ಕಬ್ಬಿಣದ ಪೈಪ್ ತೂರಿಸಿ, ಎರಡು ನಿಮಿಷದಲ್ಲಿ ನಾಲ್ಕೂ ಬಿಚ್ಚಿಕೊಟ್ಟರು.

ಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಹೋಳಿಗೆ ಮುರಿಯುತ್ತಾ, "ಅಳಿಯಂದ್ರೆ, ಡಿಕ್ಕೀಲಿ ಒಂದು ಪೈಪ್ ಇಟ್ಕೊಳ್ಳಿ, ಅಷ್ಟೇ" ಅಂದರು. ಇಂಜಿನಿಯರ್ ಅಳಿಯನಿಗೆ ಪೈಪಾ? "ಕಾರ್ಡ್‌ಲೆಸ್ ಇಂಪ್ಯಾಕ್ಟ್ ರೆಂಚ್ ತಗೋತೀನಿ ಮಾವ. ಬ್ಯಾಟರಿ ಗನ್. ಒಳಗಡೆ ಸುತ್ತಿಗೆ ಇರುತ್ತೆ, ನಿಮಿಷಕ್ಕೆ ಎರಡು ಮೂರು ಸಾವಿರ ಏಟು ಹೊಡೆಯುತ್ತೆ" ಅಂದೆ. ಮಾವ ಏನೂ ಹೇಳದೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಮುಂದಿನ ಹತ್ತು ದಿನ ನಾನು ಮನೆಯಲ್ಲಿದ್ದೂ ಇರಲಿಲ್ಲ. ಇಂಪ್ಯಾಕ್ಟ್ ಡ್ರೈವರ್ ಬೇರೆ, ಇಂಪ್ಯಾಕ್ಟ್ ರೆಂಚ್ ಬೇರೆ ಅಂತ ಗೊತ್ತಾಗಿದ್ದೇ ನಾಲ್ಕನೇ ದಿನ. ಡ್ರೈವರ್‌ಗೆ ಕಾಲಿಂಚಿನ ಆರು ಮೂಲೆಯ ತೂತು, ಸ್ಕ್ರೂ ಕೆಲಸಕ್ಕೆ. ಕಾರಿನ ಚಕ್ರಕ್ಕೆ ಬೇಕಾದದ್ದು ಅರ್ಧ ಇಂಚಿನ ಚೌಕ ಮೂತಿಯ ರೆಂಚ್.

ಆಮೇಲೆ ವೋಲ್ಟ್ ಪುರಾಣ. ಒಂದರ ಮೇಲೆ 18, ಇನ್ನೊಂದರ ಮೇಲೆ 20, ಮತ್ತೊಂದರ ಮೇಲೆ 21. ಯಾವುದು ಮೇಲು ಅಂತ ಎರಡು ರಾತ್ರಿ ನಿದ್ದೆಗೆಟ್ಟೆ. ನೋಡಿದರೆ ಮೂರರ ಹೊಟ್ಟೆಯಲ್ಲೂ ಸಾಲಾಗಿ ಜೋಡಿಸಿದ ಅದೇ ಐದು ಸೆಲ್. ಒಂದಕ್ಕೆ 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ ಒಂದಕ್ಕೆ 4.2, ಐದಕ್ಕೆ 21. ಒಬ್ಬನೇ ಮನುಷ್ಯನನ್ನು ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ತೂಗಿದ ಹಾಗೆ. ಇನ್ನು ಅಗ್ಗದ ಕೆಲವು ಗನ್ನುಗಳ ಮೇಲೆ 128 ವಿಎಫ್ ಅಂತ ಬರೆದಿರುತ್ತದಲ್ಲ, ಅದು ವೋಲ್ಟೇ ಅಲ್ಲ. ಮದುವೆ ಬ್ರೋಕರ್ ಹೇಳುವ ಗಂಡಿನ ಸಂಬಳ.

ಟಾರ್ಕಿನಲ್ಲೂ, ಅಂದರೆ ತಿರುಗಿಸುವ ಬಲದಲ್ಲೂ, ಇದೇ ಕತೆ. ಬಿಗಿಯುವ ಟಾರ್ಕ್ ಒಂದು, ಬಿಚ್ಚುವ ಟಾರ್ಕ್ ಇನ್ನೊಂದು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಮೆರೆಯುವುದು ಎರಡರಲ್ಲಿ ಜಾಸ್ತಿ ಇರುವುದು. ನನ್ನ ಕಾರಿನ ನಟ್ಟಿಗೆ ಬೇಕಾದ ಬಿಗಿ 85 ನ್ಯೂಟನ್ ಮೀಟರ್. ಆದರೆ ತುಕ್ಕು ಮತ್ತು ಆ ಹುಡುಗನ ಕುಣಿತ ಸೇರಿಸಿ 400ರ ಗನ್ ಸಾಕು ಅಂತ ತೀರ್ಮಾನಿಸಿದೆ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯಾತ "ಗ್ಯಾರೇಜಾ ಸಾರ್?" ಅಂದರು. "ಇಲ್ಲ, ಮನೆಗೆ" ಅಂದೆ. ಅಯ್ಯೋ ಪಾಪ ಅನ್ನುವ ಹಾಗೆ ನೋಡಿ 6,800ಕ್ಕೆ ಬಿಲ್ ಹಾಕಿದರು. ಇಷ್ಟು ಅಗ್ಗವಾ ಅಂತ ಹಿಗ್ಗಿ ಮನೆಗೆ ಬಂದು ಡಬ್ಬ ತೆರೆದರೆ ಗನ್ ಮಾತ್ರ ಇದೆ, ಬ್ಯಾಟರಿ ಇಲ್ಲ. ಡಬ್ಬದ ಮೂಲೆಯಲ್ಲಿ 'ಬೇರ್ ಟೂಲ್' ಅಂತ ಇರುವೆ ಗಾತ್ರದ ಅಕ್ಷರ. ಬ್ಯಾಟರಿ, ಚಾರ್ಜರ್ 5,900. ನಟ್ಟನ್ನು ಕಚ್ಚಿ ಹಿಡಿಯುವ ಹಳೇ ಹೊಳೆಯುವ ಸಾಕೆಟ್ಟು ಗನ್ನಿನ ಏಟಿಗೆ ಸೀಳಿ ಹಾರಬಹುದು, ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಬೇಕು. ಅದಕ್ಕೆ 1,500. ಗನ್ನಿನಲ್ಲೇ ಪೂರ್ತಿ ಬಿಗಿದರೆ ನಟ್ಟು ಕೂರುವ ಸ್ಟಡ್ ಹಾಳಾದೀತು, ಕೊನೆಯ ಬಿಗಿ ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಟಾರ್ಕ್ ರೆಂಚಿನಲ್ಲಿ. ಅದಕ್ಕೆ 1,800.

ಭಾನುವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಉದ್ಘಾಟನೆ. ಕಣ್ಣು ತೋರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಮಾವ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಟ್ರಿಗರ್ ಒತ್ತಿದೆ. ಟಕಟಕಟಕಟಕ! ಎದುರು ಮನೆಯ ನಾಯಿ ಬೊಗಳಿತು. ಮೇಲಿನ ಮನೆಯವರು ಬಾಲ್ಕನಿಗೆ ಬಂದು "ಮತ್ತೆ ರಸ್ತೆ ಅಗೀತಿದಾರಾ?" ಅಂದರು. ನಟ್ಟು ಅಲುಗಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು. ಊಹೂಂ. ಪೀಸೇ ಸರಿಯಿಲ್ಲ ಅಂತ ಬೈಯುತ್ತಿದ್ದಾಗ ಮಾವ ತಣ್ಣಗೆ ಕೇಳಿದರು: "ಅಳಿಯಂದ್ರೆ, ಅದು ಯಾವ ಕಡೆ ತಿರುಗ್ತಿದೆ?"

ಬಲಕ್ಕೆ. ಬಿಚ್ಚುವುದು ಬಿಟ್ಟು ಬಿಗಿಯುತ್ತಾ ಕೂತಿದ್ದೆ.

ದಿಕ್ಕಿನ ಸ್ವಿಚ್ಚು ಬದಲಿಸಿ ಮತ್ತೆ ಟ್ರಿಗರ್ ಒತ್ತಿದೆ. ಮೂರು ಬಂದವು. ನಾಲ್ಕನೆಯದು ಬ್ಯಾಟರಿ ಇಳಿದರೂ ಬರಲಿಲ್ಲ. ಮಾವ ಲೋಟ ಕೆಳಗಿಟ್ಟು, ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ಒಂದು ಪೈಪ್ ಕೇಳಿ ತಂದರು. ಪಾನಕ್ಕೆ ತೂರಿಸಿ ತುದಿಯ ಮೇಲೆ ಕಾಲಿಟ್ಟು ನಿಂತರು. ಕಿರ್ರ್ ಅಂತು. ಬಂತು. ಆಮೇಲೆ ಗುಟ್ಟಾಗಿ ಲೆಕ್ಕ ಹಾಕಿದೆ. ಮಾವನ ತೂಕ 70 ಕೆಜಿ, ಪೈಪ್ ಒಂದು ಮೀಟರ್. ಹೆಚ್ಚುಕಡಿಮೆ 690 ನ್ಯೂಟನ್ ಮೀಟರ್! ಒಂದು ಲೋಟ ಕಾಫಿ ಕುಡಿದರೆ ಫುಲ್ ಚಾರ್ಜ್.

ಉಳಿದ ಚಕ್ರಗಳ ನಟ್ಟನ್ನೂ ಸಡಿಲಿಸಿ, ಹದಿನಾರನ್ನೂ ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ 85ಕ್ಕೆ ಕ್ಲಿಕ್ ಅನ್ನಿಸಿ ಮುಗಿಸಿದೆ.

ಗೌರಿ ಹಬ್ಬಕ್ಕೆ ಮತ್ತೆ ತುಮಕೂರು, ಮತ್ತೆ ಪಂಚರ್. ಡಿಕ್ಕಿ ತೆರೆದೆ. ಗನ್ನಿನ ಬ್ಯಾಟರಿ ಚಾರ್ಜರ್‌ನಲ್ಲೇ ಉಳಿದಿತ್ತು, ಮನೆಯಲ್ಲಿ. ಡಿಕ್ಕಿಯಲ್ಲಿ ಗನ್ನಿನ ಪಕ್ಕ ಪೇಪರ್ ಸುತ್ತಿದ ಒಂದು ಪೈಪ್. ಮಾವ ಯಾವಾಗ ಇಟ್ಟರೋ! ಅದನ್ನು ಮುಟ್ಟಲು ಮನಸ್ಸಾಗದೆ, ಸುಮ್ನೆ ಬರೀ ಪಾನ ಹಾಕಿ ಅದುಮಿ ನೋಡಿದೆ. ನಟ್ಟು ಸಲೀಸಾಗಿ ತಿರುಗಿತು. ನಾಲ್ಕೂ.

ಛತ್ರಿ ಹಿಡಿದು ನಿಂತಿದ್ದ ಹೆಂಡತಿಗೆ ಖುಷಿಯಿಂದ ವಿವರಿಸಿದೆ: ಸರಿಯಾಗಿ ಬಿಗಿದಿದ್ದರೆ ಬಿಚ್ಚಲು ಗನ್ನೂ ಬೇಡ, ಪೈಪೂ ಬೇಡ, ಎಲ್ಲ ಆ ಟಾರ್ಕ್ ರೆಂಚಿನ ಮಹಿಮೆ.

ಅವಳು ಒಂದು ಕ್ಷಣ ಯೋಚಿಸಿದಳು.

"ಹಾಗಾದ್ರೆ ನಟ್ಟಿಗೆ ನೂರಾ ಹನ್ನೆರಡೂವರೆ ರೂಪಾಯಲ್ಲೇ ಮುಗೀತಿತ್ತಲ್ರೀ?"