ಸವಾರೊ ನಾಡಿನ ಆರಿದ್ರಾ ಮಳೆ

ಅಮೆರಿಕದ ಅರಿಜೋನಾದಲ್ಲೂ ಮುಂಗಾರು ಇದೆ ಅಂದರೆ ಊರಲ್ಲಿ ಹೆಚ್ಚಿನವರು ನಂಬುವುದಿಲ್ಲ. ಮರುಭೂಮಿ, ಕಳ್ಳಿ, ಸುಡುವ ಬಿಸಿಲು, ಅವರ ಕಣ್ಣಿಗೆ ಕಟ್ಟುವುದು ಇಷ್ಟೇ. ನಾನಿರುವ ಟೂಸಾನ್ ಊರಿಗೆ ವರ್ಷಕ್ಕೆ ಬೀಳುವುದು ಸುಮಾರು 270 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಬೇಸಿಗೆಯ ಗುಡುಗು ಮಳೆಯಲ್ಲೇ. ಇಲ್ಲಿನವರು ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ನೆಲ ಕಾಯುತ್ತದೆ, ಗಾಳಿ ದಿಕ್ಕು ಬದಲಿಸುತ್ತದೆ, ಸಮುದ್ರದ ತೇವ ಒಳನಾಡಿಗೆ ಬರುತ್ತದೆ. ನಮ್ಮ ಮುಂಗಾರಿನದೂ ಇದೇ ಕಥೆ ಅಲ್ವಾ? ಅಲ್ಲಿ ಅರಬ್ಬೀ ಸಮುದ್ರ, ಇಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿ.

ನಾನು ಚಳ್ಳಕೆರೆ ಕಡೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮಳೆಯ ಬಗ್ಗೆ ಮಾತಾಡುವಾಗ ಕನ್ನಡಿಗರೆಲ್ಲ ಒಂದೇ ಅಲ್ಲ. ಫೀನಿಕ್ಸ್ ಕಡೆ ಇರುವ ತೀರ್ಥಹಳ್ಳಿಯ ಗೆಳೆಯರೊಬ್ಬರು ಪ್ರತಿ ಸಲ ಕೇಳುತ್ತಾರೆ, 'ಮುಕ್ಕಾಲು ಗಂಟೆ ಹೊಯ್ದು ನಿಲ್ಲೋದನ್ನ ಮಳೆ ಅಂತೀರಾ?' ಅಂತ. ಅವರ ಮಟ್ಟಿಗೆ ಸರಿ. ಆಗುಂಬೆಯ ಸುತ್ತ ಮಳೆ ಅಂದರೆ ತಿಂಗಳುಗಟ್ಟಲೆ ಮನೆಯೊಳಗೆ ಕೂರಿಸುವ ಕಾಲ. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಬಂದರೆ ಒಳ್ಳೆ ವರ್ಷ. ಅಲ್ಲಿ ಮಳೆ ಒಂದು ಕಾಲವಲ್ಲ, ದಾರಿ ನೋಡಿ ನೋಡಿ ಬರುವ ನೆಂಟ. ಟೂಸಾನಿನಲ್ಲೂ ಹಾಗೇ. ಅದಕ್ಕೇ ಇಲ್ಲಿ ಮಳೆ ನೋಡುವ ರೀತಿ ನನಗೆ ಹೊರಗಿನದು ಅಂತ ಅನ್ನಿಸಲೇ ಇಲ್ಲ.

ಜುಲೈ ತಿಂಗಳ ಒಂದು ದಿನ ಹೀಗಿರುತ್ತದೆ. ಬೆಳಿಗ್ಗೆ ಆಕಾಶ ಬೋಳು. ಹನ್ನೊಂದರ ಹೊತ್ತಿಗೆ ಊರಿನ ಬಡಗಣ ದಿಕ್ಕಿನ ಸಾಂತಾ ಕಟಲಿನಾ ಬೆಟ್ಟದ ನೆತ್ತಿಯ ಮೇಲೆ ಒಂದು ಬಿಳಿ ಮೋಡ ಕೂರುತ್ತದೆ. ಬಿಸಿಲಿಗೆ ಕಾದ ಬೆಟ್ಟದ ಮೈಯಿಂದ ಗಾಳಿ ಮೇಲೇಳುತ್ತದೆ, ತೇವವನ್ನೂ ಹೊತ್ತು ಒಯ್ಯುತ್ತದೆ. ಎರಡು ಗಂಟೆಗೆ ಅದೇ ಮೋಡ ಉಬ್ಬಿ ಮೇಲಕ್ಕೆ ಬೆಳೆದಿರುತ್ತದೆ, ಬುಡ ಕಪ್ಪಾಗಿರುತ್ತದೆ. ಆಮೇಲೆ ಅದರ ಕೆಳಗೆ ಬೂದು ಬಣ್ಣದ ಎಳೆಗಳು ಇಳಿಬೀಳುತ್ತವೆ. ಅದು ಮಳೆಯೇ, ಆದರೆ ನೆಲ ಮುಟ್ಟುವುದಿಲ್ಲ. ಕೆಳಗಿನ ಗಾಳಿ ಅಷ್ಟು ಒಣಗಿರುತ್ತದೆ, ಹನಿ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ. ಆರುತ್ತಾ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಕೆಳಗೆ ಕುಸಿದು ಸುತ್ತ ಹರಡುತ್ತದೆ. ಮಳೆಗಿಂತ ಮುಂಚೆ ಬೀದಿಗೆ ನುಗ್ಗುವುದು ಈ ಗಾಳಿ. ಇದೇ ಗಾಳಿ ಹೊಲದ ದೂಳು, ಬಯಲಿನ ದೂಳು ಎಲ್ಲ ಎಬ್ಬಿಸಿದರೆ ಗೋಡೆಯೇ ಎದ್ದು ಬರುತ್ತದೆ. 2011ರ ಜುಲೈ 5ರಂದು ಫೀನಿಕ್ಸ್ ಮೇಲೆ ಬಂದ ದೂಳಿನ ಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರ ಇತ್ತು.

ಗಾಳಿಯ ಹಿಂದೆಯೇ ವಾಸನೆ. ಇಲ್ಲಿ ಬಯಲು ತುಂಬ ಕ್ರಿಯೊಸೋಟ್ ಅನ್ನುವ ಪೊದೆ. ಅದರ ಎಲೆಗೆ ಅಂಟಂಟು ಪದರ ಇರುತ್ತದೆ. ತೇವ ತಾಕಿದ ಕೂಡಲೇ ಘಾಟು ಬಿಡುತ್ತದೆ. ಎಲ್ಲೋ ದೂರದಲ್ಲಿ ನೆನೆದ ಪೊದೆಯ ವಾಸನೆ ಇಲ್ಲಿ ಒಣಗಿದ ಅಂಗಳಕ್ಕೆ ಬಂದು ಸುದ್ದಿ ಕೊಡುತ್ತದೆ. ಟೂಸಾನಿನ ಹಳಬರು ಈ ವಾಸನೆಗೇ ಮಳೆಯ ವಾಸನೆ ಅನ್ನುತ್ತಾರೆ. ನಮ್ಮ ಕೆಮ್ಮಣ್ಣಿನ ವಾಸನೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ಖಾರ, ಮೂಗಿಗೆ ಹತ್ತುವಂಥದ್ದು. ಆದರೂ ಎದೆಯಲ್ಲಿ ಏಳುವ ಸಂತೋಷ ಅದೇ.

ಆಗ ಊರಿನ ಜನ ಮಾಡುವುದೇನು ಅಂದರೆ, ಹೊರಗೆ ಬರುತ್ತಾರೆ. ಅಂಗಡಿಯವರು ಬಾಗಿಲಿಗೆ ಬರುತ್ತಾರೆ. ಆಫೀಸಿನಲ್ಲಿ ಮೀಟಿಂಗ್ ನಡುವೆ ಎದ್ದು ಕಿಟಕಿ ಹತ್ತಿರ ಹೋದರೆ ಯಾರೂ ಏನೂ ಅನ್ನುವುದಿಲ್ಲ, ಅವರೂ ಬರುತ್ತಾರೆ. ಪಡುವಣದ ಸೆಂಟಿನೆಲ್ ಪೀಕ್ ಗುಡ್ಡದಿಂದ ಊರಿನ ಆಚೆ ತುದಿಯವರೆಗೂ ಕಾಣುತ್ತದೆ. ಸಂಜೆ ಅಲ್ಲಿಗೆ ಮಕ್ಕಳು ಮರಿ ಕಟ್ಟಿಕೊಂಡು ಬರುವವರು ಜಾಸ್ತಿ. ಯಾವ ಬಡಾವಣೆ ಮೇಲೆ ಹೊಯ್ಯುತ್ತಿದೆ, ಯಾವುದಕ್ಕೆ ತಪ್ಪಿತು, ಗುರುತು ಪರಿಚಯ ಇಲ್ಲದವರೂ ಮಾತಾಡಿಕೊಳ್ಳುತ್ತಾರೆ. ಮಿಂಚು ಹತ್ತಿರ ಬಂದರೆ ಎಲ್ಲರೂ ಕಾರಿನೊಳಗೆ. ಆಮೇಲೆ ಮಾರನೆಯ ದಿನ ಅದೇ ಮಾತು: ನಿಮ್ಮ ಕಡೆ ಎಷ್ಟು ಬಂತು? ನಮ್ಮ ಬೀದಿಯ ಬಹಳಷ್ಟು ಹಿತ್ತಲಲ್ಲಿ ಒಂದೊಂದು ಮಳೆಮಾಪಕ ಇದೆ.

ಇದೇ ಪ್ರಶ್ನೆಯನ್ನು ಚಳ್ಳಕೆರೆಯ ಸಂತೆಯಲ್ಲಿ ಕೇಳಿಕೊಂಡೇ ನಾನು ಬೆಳೆದದ್ದು. 'ನಿಮ್ಮ ಕಡೆ ಹದ ಆಯ್ತಾ?' ಅಂತ. ಉತ್ತರ ಮಿಲಿಮೀಟರಿನಲ್ಲಿ ಇರುತ್ತಿರಲಿಲ್ಲ. ನಮ್ಮ ತಾತ ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಗುದ್ದಲಿಯಿಂದ ಒಂದು ಗುಂಡಿ ತೆಗೆಯುತ್ತಿದ್ದರು. ತೇವ ಎಷ್ಟು ಆಳಕ್ಕೆ ಇಳಿದಿದೆ ಅಂತ ಕೈ ಹಾಕಿ ನೋಡುತ್ತಿದ್ದರು. ಒಂದು ಗೇಣಿಗೆ ಇಳಿದಿದ್ದರೆ ಕೂರಿಗೆ ಹೊರಗೆ ತೆಗೆಯುವ ಮಾತು. ನಾಲ್ಕು ಬೆರಳಿಗೆ ನಿಂತಿದ್ದರೆ ಶೇಂಗಾ ಬೀಜದ ಮೂಟೆ ಮೂಲೆಯಲ್ಲೇ ಉಳಿಯುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ಈ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಅಲ್ಲಿ ಮಳೆ ಅಂದರೆ ಟ್ರಾಫಿಕ್. ಮೋಡ ಕಂಡರೆ ಜನ ಫೋನು ತೆಗೆದು ಯಾವ ರಸ್ತೆ ಕೆಂಪಾಗಿದೆ ಅಂತ ನೋಡುತ್ತಾರೆ. ನಾನು ಅವರನ್ನು ಬೈಯುತ್ತಿಲ್ಲ. ಮೊಣಕಾಲುದ್ದದ ನೀರಲ್ಲಿ ಸ್ಕೂಟರ್ ತಳ್ಳುವವರಿಗೆ ಆಕಾಶ ನೋಡಿ ಅಂತ ಹೇಳುವುದು ತಪ್ಪು. ಆದರೆ ಟೂಸಾನಿನ ಮೂರು ಪಟ್ಟಿಗೂ ಹೆಚ್ಚು ಮಳೆ ಬೀಳುವ ಊರು ಮಳೆಯನ್ನು ಬರೀ ಉಪದ್ರವ ಅಂದುಕೊಂಡರೆ ನಷ್ಟ ದೊಡ್ಡದು. ನೋಡದೇ ಇರುವ ನೀರಿಗೆ ನಾವು ದಾರಿಯನ್ನೂ ಬಿಡುವುದಿಲ್ಲ. ನನಗೆ ಇಲ್ಲಿ ಅರ್ಥವಾಗಿದ್ದು ಇದೇ.

ಇಲ್ಲಿ ಮಳೆಗೆ ಕಾಯುವ ರೀತಿಯನ್ನೂ ನೋಡಿ. ಈ ಮರುಭೂಮಿ ಮೂಲತಃ ಟೊಹೊನೊ ಓಧಮ್ ಜನರದು. ಜೂನ್ ಕೊನೆಗೆ, ಇಡೀ ವರ್ಷದ ಅತಿ ಒಣ ದಿನಗಳಲ್ಲಿ, ಸವಾರೊ ಕಳ್ಳಿಯ ತುದಿಯಲ್ಲಿ ಕೆಂಪು ಹಣ್ಣು ಬಿಡುತ್ತದೆ. ಕಳ್ಳಿ ಎರಡು ಮೂರು ಆಳೆತ್ತರ, ಕೆಲವು ಅದಕ್ಕೂ ಹೆಚ್ಚು. ಸತ್ತ ಸವಾರೊದ ಒಳಗಿನ ಉದ್ದುದ್ದ ಕಡ್ಡಿಗಳನ್ನೇ ಜೋಡಿಸಿ ದೋಟಿ ಮಾಡಿ ಹಣ್ಣು ಕೆಡವುತ್ತಾರೆ. ತಿರುಳನ್ನು ಕುದಿಸಿ ಪಾಕ ತೆಗೆಯುತ್ತಾರೆ. ಅದನ್ನು ಹುಳಿಬರಿಸಿ, ಹಾಡಿ ಕುಣಿದು, ಮೋಡ ಇಳಿದು ಬರಲಿ ಅಂತ ಎಲ್ಲರೂ ಕುಡಿಯುತ್ತಾರೆ. ಮಣ್ಣು ನೀರು ಕುಡಿದು ತೊಯ್ಯಲಿ ಅನ್ನುವ ಬೇಡಿಕೆ ಅದರಲ್ಲೇ ಇದೆ. ಅವರಿಗೆ ಹೊಸ ವರ್ಷ ಶುರುವಾಗುವುದೂ ಈ ಮಳೆಯ ಜೊತೆಗೇ. ಮಳೆ ಬಂದ ಮೇಲೆ ಹಳ್ಳದ ನೀರು ಬಯಲಿಗೆ ಹರಡುವ ಜಾಗದಲ್ಲಿ ಹೊಲ ಮಾಡಿ ಟೆಪರಿ ಅನ್ನುವ ಅವರೆ ಜಾತಿಯ ಕಾಳು ಬೆಳೆಯುವುದು ಅವರ ಹಳೆಯ ಬೇಸಾಯ.

ಮೆಕ್ಸಿಕೊ ಮೂಲದ ಕುಟುಂಬಗಳಿಗೆ ಜೂನ್ 24 ಸಂತ ಯೋಹಾನನ ಹಬ್ಬ. ಮೂರ್ತಿಯನ್ನು ಹೊತ್ತು ಸಾಂತಾ ಕ್ರೂಸ್ ನದಿಯ ಕಡೆ ಮೆರವಣಿಗೆ ಮಾಡುತ್ತಾರೆ. ಮಳೆಗಾಲದ ಬಾಗಿಲು ಅವತ್ತು ತೆರೆಯುತ್ತದೆ ಅನ್ನುವುದು ನಂಬಿಕೆ. ನಮ್ಮ ಪಂಚಾಂಗದಲ್ಲಿ ಆ ದಿನ ಯಾವ ಮಳೆ ಗೊತ್ತಾ? ಆರಿದ್ರಾ. ಜೂನ್ 22ರ ಸುಮಾರಿಗೆ ಹುಟ್ಟಿ ಎರಡು ವಾರ ಇರುವ ಮಳೆ. 'ಆರಿದ್ರಾ ಮಳೆ ಆರದೆ ಹುಯ್ಯುತ್ತೆ' ಅಂತ ನಮ್ಮ ಅಜ್ಜಿ ಹೇಳುತ್ತಿದ್ದ ಹೊತ್ತಿಗೇ ಇಲ್ಲಿ ಹಣ್ಣಿನ ಪಾಕ ಕುದಿಯುತ್ತಿತ್ತು. ಆರಿದ್ರಾ ಕೈಕೊಟ್ಟರೆ ನಮ್ಮ ಬೀದಿಯ ಮಕ್ಕಳು ಮಣ್ಣಿನ ಮಳೆರಾಯನನ್ನು ಮಣೆ ಮೇಲೆ ಕೂರಿಸಿ ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗುತ್ತಿದ್ದರು. ಮನೆಯವರು ಒಂದು ಚೆಂಬು ನೀರು ಸುರಿದು, ಮೊರದಲ್ಲಿ ಹಿಟ್ಟು ಕೊಡುತ್ತಿದ್ದರು. ಬಡಗಣ ಜಿಲ್ಲೆಗಳಲ್ಲಿ ಗುರ್ಜಿ ಹೊರುವುದೂ ಹೀಗೇ. ಕುಡಿಯಲು ನೀರಿಲ್ಲದ ದಿನಗಳಲ್ಲಿ ತಲೆ ಮೇಲೆ ನೀರು ಸುರಿಯುವುದು ಎಷ್ಟು ದೊಡ್ಡ ಮನಸ್ಸಿನ ಕೆಲಸ ಅಂತ ಈಗ ಅನ್ನಿಸುತ್ತದೆ.

ಇಲ್ಲಿನ ಸರ್ಕಾರಿ ಲೆಕ್ಕ ಬೇರೆ. ಮೊದಲು ಗಾಳಿಯ ತೇವ ಮೂರು ದಿನ ಒಂದು ಮಟ್ಟಕ್ಕಿಂತ ಮೇಲಿದ್ದರೆ ಮಾನ್ಸೂನ್ ಶುರುವಾಯಿತು ಅನ್ನುತ್ತಿದ್ದರು. 2008ರಿಂದ ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ತಾರೀಕು ಗೊತ್ತುಮಾಡಿದ್ದಾರೆ. ಲೆಕ್ಕ ಇಡಲು ಅದು ಸುಲಭ. ಹಳಬರು ಇನ್ನೂ ಗಾಳಿಯನ್ನೇ ನೋಡುತ್ತಾರೆ.

ಒಂದು ದೊಡ್ಡ ವ್ಯತ್ಯಾಸವನ್ನು ಮಾತ್ರ ಮುಚ್ಚಿಡಬಾರದು. ಟೂಸಾನ್ ಕುಡಿಯುವ ನೀರಲ್ಲಿ ಬಹುಪಾಲು ಬರುವುದು ಕೊಲರಾಡೊ ನದಿಯಿಂದ, 500 ಕಿಲೋಮೀಟರ್‌ಗೂ ಉದ್ದದ ಕಾಲುವೆಯಲ್ಲಿ. ಹಾಗಾಗಿ 2020ರಲ್ಲಿ ಇಡೀ ಮಾನ್ಸೂನಿನಲ್ಲಿ ಬರೀ 41 ಮಿಲಿಮೀಟರ್ ಬಿದ್ದಾಗಲೂ ನಲ್ಲಿ ನಿಲ್ಲಲಿಲ್ಲ. ಮರುವರ್ಷ 325 ಮಿಲಿಮೀಟರ್ ಬಂತು, ಊರೇ ಹಬ್ಬ ಮಾಡಿತು. ಫೀನಿಕ್ಸಿಗೆ 2023ರ ಮಾನ್ಸೂನಿನಲ್ಲಿ ಬಂದದ್ದು 4 ಮಿಲಿಮೀಟರ್ ಅಷ್ಟೇ. ಅದೇ ಬೇಸಿಗೆ ಅಲ್ಲಿ 31 ದಿನ ಬಿಡದೆ 43 ಡಿಗ್ರಿ ದಾಟಿತ್ತು. ಬಿಸಿಲಿಗೆ ನೂರಾರು ಜನ ಸತ್ತರು. ಅದು ಸಣ್ಣ ಸಂಕಟ ಅಲ್ಲ. ಆದರೂ ಮಳೆ ಬರಲಿಲ್ಲ ಅಂತ ಇಲ್ಲಿನ ಊರಿನ ಜನ ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಕೂಲಿಗೆ ಹೋಗುವುದಿಲ್ಲ. ನಮ್ಮ ಕಡೆ ಹೋಗುತ್ತಾರೆ. ಇಲ್ಲಿ ಮೋಡ ನೋಡುವ ಕಣ್ಣಲ್ಲಿ ಬೆರಗು ಜಾಸ್ತಿ, ಚಳ್ಳಕೆರೆಯಲ್ಲಿ ಮೋಡ ನೋಡುವ ಕಣ್ಣಲ್ಲಿ ಸಾಲದ ಲೆಕ್ಕ ಇರುತ್ತದೆ. ನಮ್ಮ ರೈತರೂ ಭಯ ಇಲ್ಲದೆ ಸುಮ್ನೆ ನಿಂತು ಮಳೆ ನೋಡುವ ಕಾಲ ಬರಬೇಕು ಅನ್ನುವುದು ನನ್ನ ಆಸೆ.

ಇಲ್ಲಿ ಹಳ್ಳಗಳು ವರ್ಷವೆಲ್ಲ ಬರೀ ಮರಳು. ಬೆಟ್ಟದಲ್ಲಿ ಹೊಯ್ದರೆ ಇಲ್ಲಿ ಒಂದು ಹನಿ ಬೀಳದೆ ಇದ್ದರೂ ನೀರು ನುಗ್ಗುತ್ತದೆ. ಮೊದಲು ಬರುವುದು ಕಡ್ಡಿ, ಎಲೆ, ಕಂದು ನೊರೆ. ಅದರ ಬೆನ್ನಿಗೇ ಬಂಡೆ ಉರುಳಿಸುವ ನೀರು. 2017ರ ಜುಲೈನಲ್ಲಿ ಪೇಸನ್ ಹತ್ತಿರದ ಕಣಿವೆಯಲ್ಲಿ ಈಜಲು ಹೋಗಿದ್ದ ಒಂದೇ ಕುಟುಂಬದ ಹತ್ತು ಜನ ಹೀಗೇ ಕೊಚ್ಚಿಹೋದರು. ಮೇಲೆ ಕಾಡು ಸುಟ್ಟ ಜಾಗದಲ್ಲಿ ಮಳೆ ಬಿದ್ದಿತ್ತು. ಅಡ್ಡಗಟ್ಟೆ ಇಟ್ಟ ರಸ್ತೆಯನ್ನು ದಾಟಿ ನೀರಿಗೆ ಕಾರು ಇಳಿಸಿದವರಿಂದ ಅವರನ್ನು ಕಾಪಾಡಿದ ಖರ್ಚನ್ನೇ ವಸೂಲು ಮಾಡುವ ಕಾನೂನು ಅರಿಜೋನಾದಲ್ಲಿ 1995ರಿಂದ ಇದೆ. ನನಗೆ ಕಾನೂನಿಗಿಂತ ಆ ಅಡ್ಡಗಟ್ಟೆಯೇ ಮುಖ್ಯ ಅನ್ನಿಸುತ್ತದೆ. ಹಳ್ಳ ಹರಿಯುವ ಮುಂಚೆಯೇ ಯಾರೋ ಬೆಟ್ಟದ ಕಡೆ ನೋಡಿ, ಬಂದು ರಸ್ತೆ ಮುಚ್ಚಿರುತ್ತಾರೆ. 2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ತೀರಿಕೊಂಡಳು. ಮಳೆಯ ಕಡೆ ಯಾರದಾದರೂ ಕಣ್ಣು ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತು.

ಕೊನೆಗೆ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ. ಬ್ರ್ಯಾಡ್ ಲ್ಯಾಂಕಾಸ್ಟರ್ ಎಂಬ ಟೂಸಾನಿನವರು ಜಿಂಬಾಬ್ವೆಗೆ ಹೋಗಿ ಜೆಫನಾಯಾ ಫಿರಿ ಮಸೆಕೊ ಎಂಬ ರೈತರ ಒಣಹೊಲ ನೋಡಿ ಬಂದರು. ಬಿದ್ದ ನೀರನ್ನು ಓಡಲು ಬಿಡದೆ, ನಿಧಾನ ಮಾಡಿ, ಇಂಗಿಸುವುದನ್ನು ಅಲ್ಲಿ ಕಲಿತರು. ವಾಪಸು ಬಂದು ತಮ್ಮ ಮನೆ ಮುಂದಿನ ರಸ್ತೆಯಂಚಿನ ಕಾಂಕ್ರೀಟ್ ಕಟ್ಟೆಯನ್ನು ಕೊಯ್ದರು. ಆಗ ಅದಕ್ಕೆ ಅನುಮತಿಯೇ ಇರಲಿಲ್ಲ. 2007ರಲ್ಲಿ ನಗರ ಅದನ್ನು ಒಪ್ಪಿತು. ಈಗ ಎಷ್ಟೋ ಬೀದಿಗಳಲ್ಲಿ ಕಾಣುತ್ತದೆ. ಒಂದೂವರೆ ಅಡಿ ಅಗಲದ ಒಂದು ಕಂಡಿ, ಅದರ ಹಿಂದೆ ರಸ್ತೆಗಿಂತ ತಗ್ಗಾದ ಒಂದು ಗುಂಡಿ, ಬಾಯಿಗೆ ನಾಲ್ಕು ಕಲ್ಲು, ಅಂಚಿನಲ್ಲಿ ಒಂದು ಮೆಸ್ಕೀಟ್ ಮರ. ನಮ್ಮ ಬಳ್ಳಾರಿ ಜಾಲಿಯ ನೆಂಟ ಅದು. ಮಳೆ ಬಿದ್ದಾಗ ರಸ್ತೆಯಲ್ಲಿ ಓಡುವ ನೀರು ಕಂಡಿಯ ಹತ್ತಿರ ಬಂದು, ಕಲ್ಲಿಗೆ ತಾಕಿ ತಿರುಗಿ, ಗುಂಡಿ ತುಂಬುತ್ತದೆ. ತುಂಬಿದ ಮೇಲೆ ಮಿಕ್ಕದ್ದು ಮುಂದಿನ ಮರಕ್ಕೆ. ಅರ್ಧ ಗಂಟೆಯಲ್ಲಿ ಒಂದು ಬೀದಿಯ ಮರಗಳೆಲ್ಲ ಕುಡಿದಿರುತ್ತವೆ. ಇದನ್ನು ನೋಡಲೂ ಜನ ಛತ್ರಿ ಹಿಡಿದು ಬರುತ್ತಾರೆ. ಗುಂಡಿಯಲ್ಲಿ ಕಸ ಸಿಕ್ಕಿದ್ದರೆ ಕಾಲಲ್ಲಿ ಸರಿಸುತ್ತಾರೆ.

ಬೆಂಗಳೂರಲ್ಲಿ 2009ರಲ್ಲೇ ಮಳೆಕೊಯ್ಲು ಕಾನೂನು ಬಂತು. ಒಳ್ಳೆಯದೇ. ಆದರೆ ಅದು ಮನೆಯ ಸೂರಿನ, ಅಂಗಳದ ನೀರಿಗೆ. ಬೀದಿಯ ನೀರು ಇನ್ನೂ ಚರಂಡಿಗೇ. ಬೀದಿ ಮರದ ಬುಡಕ್ಕೆ ನಾವು ಸಿಮೆಂಟು ಹಾಕಿ ಕತ್ತು ಹಿಸುಕಿದ್ದೇವೆ. ಚಳ್ಳಕೆರೆಯಲ್ಲಿ ನಮ್ಮ ಮನೆ ಎದುರಿನ ಎರಡು ಬೇವಿನ ಮರಗಳಿಗೂ ಅದೇ ಗತಿ ಆಗಿದೆ. ರಸ್ತೆ ಆ ಕಡೆಗೇ ಇಳಿಜಾರು, ನೀರು ಮರದ ಪಕ್ಕದಲ್ಲೇ ಹರಿದು ಹೋಗುತ್ತದೆ. ಮುಂದಿನ ಆರಿದ್ರಾಕ್ಕೆ ಊರಲ್ಲಿರುತ್ತೇನೆ. ಅಲ್ಲಿ ಎರಡು ಕಂಡಿ ಕೊಯ್ಯಲು ಅನುಮತಿ ಕೊಡಿ ಅಂತ ನಗರಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ, ಟೂಸಾನಿನ ಬೀದಿಯ ಫೋಟೋ ಸಮೇತ. ಬೀದಿಯವರ ಸಹಿ ಹಾಕಿಸುವ ಕೆಲಸವನ್ನು ಅಕ್ಕ ವಹಿಸಿಕೊಂಡಿದ್ದಾಳೆ.