ಅದು ಕಿಕ್‌ಡೌನ್ ಕೇಬಲ್ ಅಲ್ಲ!

ಈಗಷ್ಟೇ ಒಂದು ವಿಡಿಯೊ ನೋಡಿ ಮುಗಿಸಿದೆ, ಮೈ ಉರೀತಿದೆ. ಅಮೆರಿಕದ ಯಾರದೋ ಗ್ಯಾರೇಜು. 1979ರ ಶೆವ್ರೊಲೆ ಕಪ್ರೀಸ್, 350 ಘನ ಇಂಚಿನ ಎಂಜಿನ್ನು, ಜೊತೆಗೆ ಬಂದ ಮೂರು ಗೇರಿನ ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಅದನ್ನು ಇಳಿಸಿ, ಎಂಬತ್ತರ ದಶಕದ ಓಲ್ಡ್ಸ್‌ಮೊಬೈಲ್ ಡೆಲ್ಟಾ 88ರಿಂದ ಬಿಚ್ಚಿದ 200-4ಆರ್ ಏರಿಸಿದ್ದಾರೆ. ನಾಲ್ಕನೇ ಗೇರ್ ಸಿಗುತ್ತೆ, ಹೈವೇಲಿ ಎಂಜಿನ್ ಆರಾಮಾಗಿ ತಿರುಗುತ್ತೆ. ಆಯ್ಕೆ ಚೆನ್ನಾಗೇ ಇದೆ. ಕೊನೆಗೆ ಕಾರ್ಬುರೇಟರ್ ಪಕ್ಕ ನೇತಾಡ್ತಿರೋ ಕೇಬಲ್ ತೋರಿಸಿ ಆತ ಹೇಳಿದ್ದು: "ಇದು ಕಿಕ್‌ಡೌನ್ ಕೇಬಲ್, ಆಮೇಲೆ ಸಿಕ್ಕಿಸ್ತೀನಿ, ಮೊದಲು ಒಂದು ರೌಂಡ್ ಹೊಡೆಯೋಣ." ಹೊಡೆದರು. "ನೋಡಿ, ಗೇರ್ ಬೀಳೋದು ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ" ಅಂತ ಸಂಭ್ರಮ ಬೇರೆ.

ಆ ನಯವೇ ಗೇರ್‌ಬಾಕ್ಸ್ ಸಾಯ್ತಾ ಇರೋದರ ಲಕ್ಷಣ. ಅದನ್ನು ಹೇಳೋಕೆ ಕಾಮೆಂಟಿನಲ್ಲಿ ಒಬ್ಬರೂ ಇಲ್ಲ.

ಟರ್ಬೊ 350ಯಲ್ಲಿ ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಅನ್ನೋದನ್ನು ಗೇರ್‌ಬಾಕ್ಸಿಗೆ ತಿಳಿಸೋದು ವ್ಯಾಕ್ಯೂಮ್ ಮಾಡ್ಯುಲೇಟರ್. ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಪೈಪು, ಕೊನೆಯಲ್ಲಿ ಡಬ್ಬಿ. ಟರ್ಬೊ 350ಯಲ್ಲಿರೋ ಕೇಬಲ್ಲು ಪೆಡಲ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಎಳೆಯೋಕೆ ಮಾತ್ರ. ಅದಿಲ್ಲದಿದ್ದರೂ ಕಾರು ಓಡುತ್ತೆ, ಓವರ್‌ಟೇಕ್ ಮಾಡುವಾಗ ಕಿಕ್‌ಡೌನ್ ಸಿಗಲ್ಲ, ಅಷ್ಟೇ. 200-4ಆರ್‌ನಲ್ಲಿ ಮಾಡ್ಯುಲೇಟರೇ ಇಲ್ಲ. ಇರೋದು ಆ ಒಂದು ಕೇಬಲ್, ಥ್ರಾಟಲ್ ವಾಲ್ವ್ ಕೇಬಲ್, ಎಲ್ಲರೂ ಟಿವಿ ಕೇಬಲ್ ಅಂತಾರೆ. ಗೇರ್ ಯಾವಾಗ ಬದಲಾಗಬೇಕು ಅನ್ನೋದರ ಜೊತೆಗೆ ಕ್ಲಚ್ ಪ್ಲೇಟುಗಳನ್ನು ಎಷ್ಟು ಬಲವಾಗಿ ಒತ್ತಿ ಹಿಡೀಬೇಕು ಅನ್ನೋದನ್ನೂ ಅದೇ ತೀರ್ಮಾನಿಸುತ್ತೆ. ಕೇಬಲ್ ಸಡಿಲ ಬಿಟ್ಟರೆ, ನೀವು ಪೆಡಲ್ ಎಷ್ಟೇ ಒತ್ತಿ, ಗೇರ್‌ಬಾಕ್ಸ್ ಮಾತ್ರ ಪೆಡಲ್ ಮುಟ್ಟೇ ಇಲ್ಲ ಅಂದ್ಕೊಂಡು ಎಣ್ಣೆಯ ಒತ್ತಡವನ್ನು ಕೆಳಗೇ ಇಟ್ಟಿರುತ್ತೆ. ಪ್ಲೇಟುಗಳು ಹಿಡಿಯೋ ಬದಲು ಜಾರುತ್ತವೆ. ಜಾರೋದರಿಂದಲೇ ಆ ನಯ. ಜಾರಿದರೆ ಬಿಸಿ, ಬಿಸಿಯಾದರೆ ಲೈನಿಂಗ್ ಸುಟ್ಟು ಎಣ್ಣೆ ಕಪ್ಪಾಗುತ್ತೆ. ಇದಕ್ಕೆ ತಿಂಗಳುಗಟ್ಟಲೆ ಬೇಕಾಗಿಲ್ಲ, "ಒಂದು ರೌಂಡ್" ಸಾಕು.

"ನಮ್ಮ ಕಾರು ಕೇಬಲ್ ಇಲ್ಲದೇ ವರ್ಷಗಟ್ಟಲೆ ಓಡಿದೆ" ಅಂತ ಯಾರಾದರೂ ಬಂದೇ ಬರ್ತಾರೆ. ಅವರದು ಟರ್ಬೊ 350 ಇರಬೇಕು. ಇನ್ನು ಒತ್ತಡವನ್ನು ಸದಾ ಗರಿಷ್ಠದಲ್ಲಿಟ್ಟು ಕೇಬಲ್ಲೇ ಬೇಡ ಅನ್ನಿಸುವ ವಾಲ್ವ್ ಬಾಡಿಗಳೂ (ಗೇರ್‌ಬಾಕ್ಸಿನೊಳಗೆ ಎಣ್ಣೆಯ ಒತ್ತಡ ಹಂಚುವ ಭಾಗ) ಸಿಗುತ್ತವೆ, ನಿಜ. ವಿಡಿಯೊದಲ್ಲಿದ್ದದ್ದು ಅದಲ್ಲ, ಜಂಕ್‌ಯಾರ್ಡಿನಿಂದ ಬಂದ ಮೂಲ ಪೆಟ್ಟಿಗೆ. ಹಾಗಾಗಿ ಆ ವಾದ ಇಲ್ಲಿಗೆ ಹೊಂದಲ್ಲ.

ಈ ಗೊಂದಲದ ಬೇರು "ಬೋಲ್ಟ್ ಕೂತರೆ ಕೆಲಸ ಮುಗೀತು" ಅನ್ನೋ ನಂಬಿಕೆಯಲ್ಲಿದೆ. 200-4ಆರ್‌ನಲ್ಲಿ ಬೋಲ್ಟ್ ಕೂರೋದು ಬಹಳ ಸುಲಭ. ಅದರ ಬೆಲ್‌ಹೌಸಿಂಗಿನಲ್ಲಿ (ಎಂಜಿನ್ನಿಗೆ ಅಂಟುವ ಮುಂದಿನ ಗಂಟೆಯಾಕಾರದ ಭಾಗ) ಶೆವ್ರೊಲೆಯ ರಂಧ್ರಗಳೂ ಇವೆ, ಬ್ಯೂಕ್-ಓಲ್ಡ್ಸ್‌ಮೊಬೈಲ್-ಪಾಂಟಿಯಾಕ್ ರಂಧ್ರಗಳೂ ಇವೆ. ಟರ್ಬೊ 350ಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದೇ ಮಾದರಿ ಇರೋದರಿಂದ ಕಾರಿನ ಮೇಲಿನ ಹೆಸರು ನೋಡಿ ಕೊಂಡರೆ ಮೋಸ ಹೋಗ್ತೀರಿ. 1977ರಲ್ಲಿ ಈ ಎಲ್ಲ ಬ್ರಾಂಡುಗಳ ಒಡೆಯ ಜನರಲ್ ಮೋಟರ್ಸ್ (ಜಿಎಂ) ಓಲ್ಡ್ಸ್‌ಮೊಬೈಲ್ ಡೆಲ್ಟಾ 88ಗಳಿಗೆ ಶೆವ್ರೊಲೆ 350 ಎಂಜಿನ್ ಹಾಕಿ ಮಾರಿ, ಅದು ಕೋರ್ಟು ಮೆಟ್ಟಿಲೇರಿತ್ತು. ಟರ್ಬೊ 350ಯ ಜಾಗದಲ್ಲಿ ಕಡಿಮೆ ತಾಕತ್ತಿನ ಟರ್ಬೊ 200 ಕೂರಿಸಿದರು ಅನ್ನೋ ದೂರೂ ಬೇರೆ ಇತ್ತು. ಹಾಗಾಗಿ ಕೆಳಗೆ ಬಗ್ಗಿ ಎಣ್ಣೆ ಪ್ಯಾನಿನ ಬೋಲ್ಟು ಎಣಿಸಿ: 11 ಇದ್ದರೆ ಟರ್ಬೊ 200, ಪ್ಯಾನಿನ ಮೇಲೆ ಮೆಟ್ರಿಕ್ ಅನ್ನೋ ಅಚ್ಚೂ ಇರುತ್ತೆ. 13 ಇದ್ದು ಒಂದು ಮೂಲೆ ಕತ್ತರಿಸಿದ ಹಾಗಿದ್ದರೆ ಟರ್ಬೊ 350. 200-4ಆರ್‌ಗೂ ಜಿಎಂನದೇ ಇನ್ನೊಂದು ನಾಲ್ಕು ಗೇರಿನ ಪೆಟ್ಟಿಗೆ 700ಆರ್4ಗೂ 16, ಆದರೆ 700ಆರ್4ರ ಪ್ಯಾನು ಹೆಚ್ಚುಕಮ್ಮಿ ಚೌಕ.

ಅಳತೆ ವಿಷಯಕ್ಕೆ ಬಂದರೆ, 6 ಇಂಚಿನ ಬಾಲ (ಹಿಂದಿನ ಉದ್ದನೆಯ ಕವಚ) ಇರುವ ಟರ್ಬೊ 350ಯ ಉದ್ದ ಸುಮಾರು 27.7 ಇಂಚು. 200-4ಆರ್ ಕೂಡ ಅಷ್ಟೇ. ಎರಡರ ಔಟ್‌ಪುಟ್ ಶಾಫ್ಟಿಗೂ 27 ಹಲ್ಲು, ಆದ್ದರಿಂದ ಹಳೆಯ ಪ್ರೊಪೆಲ್ಲರ್ ಶಾಫ್ಟು, ಯೋಕು ಹಾಗೇ ಬರುತ್ತವೆ. ಆದರೆ ಟರ್ಬೊ 350 9 ಇಂಚಿನ ಬಾಲದಲ್ಲೂ ಬಂದಿದೆ, ಅದು 700ಆರ್4ರಷ್ಟೇ ಉದ್ದ, ಸುಮಾರು 30.7 ಇಂಚು. ಹಾಗಾಗಿ ಕೊಳ್ಳೋ ಮೊದಲು ಕಾರಿನ ಕೆಳಗೆ ಟೇಪ್ ಹಿಡಿಯಿರಿ. ಗೇರ್‌ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿ, ಕ್ರಾಸ್‌ಮೆಂಬರ್, ಮಾತ್ರ ಜಾಗ ಬದಲಿಸಲೇಬೇಕು. ಹಳೆಯದರ ಮೌಂಟು ಬೆಲ್‌ಹೌಸಿಂಗ್ ಮುಖದಿಂದ ಸುಮಾರು 20.4 ಇಂಚಿಗೆ, ಹೊಸದರದು 27 ಇಂಚಿಗೆ. ಹೆಚ್ಚುಕಮ್ಮಿ ಆರೂವರೆ ಇಂಚು ಹಿಂದಕ್ಕೆ.

ಟಾರ್ಕ್ ಕನ್ವರ್ಟರನ್ನು (ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಗೇರ್‌ಬಾಕ್ಸಿಗೆ ಮೊದಲೇ ಕೂರಿಸಿ, ತಿರುಗಿಸುತ್ತಾ ಒಳಗೆ ತಳ್ಳಿ, ಹಂತ ಹಂತವಾಗಿ ಒಳಗಿಳಿದು ಕೊನೆಗೆ ಪಂಪಿನ ಹಲ್ಲನ್ನೂ ಕಚ್ಚಬೇಕು. ಆಮೇಲೆ ಬೆಲ್‌ಹೌಸಿಂಗ್ ಎಂಜಿನ್ನಿಗೆ ಕೈಯಲ್ಲೇ ಪೂರ್ತಿ ಅಂಟಬೇಕು. ಅಂಟದಿದ್ದರೆ ಬೋಲ್ಟ್ ಬಿಗಿದು ಎಳೀಬೇಡಿ, ಪಂಪ್ ಒಡೆಯುತ್ತೆ. ಅಂಟಿದ ಮೇಲೆ ಕನ್ವರ್ಟರಿಗೂ ಎಂಜಿನ್ನಿನ ಹಿಂಬದಿಯ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿ.ಮೀ. ಸಂದಿ ಉಳಿದಿರಬೇಕು. ಹಳೆಯ ಕನ್ವರ್ಟರ್ ಬೋಲ್ಟ್ ಇಂಚಿನ ಲೆಕ್ಕದ್ದು, ಹೊಸದಕ್ಕೆ ಎಂ10 ಬೇಕು. ಹಳೆಯ ಗೇರ್‌ಬಾಕ್ಸ್ ಸುಟ್ಟು ಸತ್ತಿದ್ದರೆ ಅದರ ಕಸವೆಲ್ಲ ರೇಡಿಯೇಟರಿನ ಕೂಲರಿನಲ್ಲಿ ಕೂತಿರುತ್ತೆ, ಪೈಪುಗಳ ಜೊತೆ ಅದನ್ನೂ ತೊಳೆದೇ ಮುಂದುವರಿಯಿರಿ. ಒಣ ಗೇರ್‌ಬಾಕ್ಸಿಗೆ ಕನ್ವರ್ಟರ್ ಸೇರಿ ಸುಮಾರು 10 ಲೀಟರ್ ಡೆಕ್ಸ್‌ರಾನ್ ಗೇರ್‌ಬಾಕ್ಸ್ ಎಣ್ಣೆ ಹಿಡಿಯುತ್ತೆ. ಮೊದಲು 4 ಲೀಟರ್ ಹಾಕಿ, ಎಂಜಿನ್ ಚಾಲೂ ಮಾಡಿ, ಐಡಲ್‌ನಲ್ಲೇ ಉಳಿದದ್ದು ತುಂಬುತ್ತಾ ಹೋಗಿ. ಕೊನೆಯ ಅಳತೆ ಬಿಸಿಯಾದ ಮೇಲೆ, ಪಾರ್ಕ್‌ನಲ್ಲಿ, ಎಂಜಿನ್ ಓಡ್ತಿರುವಾಗ.

ಕನ್ವರ್ಟರ್ ಜಾರದ ಹಾಗೆ ಬಿಗಿದು ಹಿಡಿಯುವ ಲಾಕ್‌ಅಪ್‌ನ ವೈರಿಂಗನ್ನೂ ಬಿಡಬೇಡಿ. ಸೊಲೆನಾಯ್ಡಿಗೆ 12 ವೋಲ್ಟ್, ನಡುವೆ ಬ್ರೇಕ್ ಸ್ವಿಚ್. ಬ್ರೇಕ್ ಒತ್ತಿದಾಗ ಲಾಕ್ ಬಿಡದಿದ್ದರೆ ಸಿಗ್ನಲಿನಲ್ಲಿ ಎಂಜಿನ್ ನಿಂತುಹೋಗುತ್ತೆ. ಲಾಕ್ ಆಗಲೇ ಇಲ್ಲ ಅಂದರೆ ನಾಲ್ಕನೇ ಗೇರಿನಲ್ಲಿ ಕನ್ವರ್ಟರ್ ಜಾರುತ್ತಾ ಎಣ್ಣೆ ಕಾಯಿಸುತ್ತೆ.

ಹಿಂದಿನ ಆ್ಯಕ್ಸಲ್ ಅನುಪಾತವನ್ನೂ ನೋಡಿಕೊಳ್ಳಿ. ಆ ಕಾಲದ ಎಷ್ಟೋ ಕಾರುಗಳಿಗೆ 2.41 ಇತ್ತು. ಅದನ್ನು ನಾಲ್ಕನೇ ಗೇರಿನ ಅನುಪಾತವಾದ 0.67ರಿಂದ ಗುಣಿಸಿದರೆ 1.61. 27 ಇಂಚಿನ ಟೈರಿನಲ್ಲಿ ಗಂಟೆಗೆ 60 ಮೈಲಿ ಹೋದರೆ ಎಂಜಿನ್ ನಿಮಿಷಕ್ಕೆ ಸುಮಾರು 1,200 ಸುತ್ತು, ಅಷ್ಟರಲ್ಲಿ ಅದು ಹೆಣಗುತ್ತೆ. ನಾಲ್ಕನೇ ಗೇರಿನ ಸುಖ ಬೇಕಿದ್ದರೆ ಕನಿಷ್ಠ 3.08 ಹಾಕಿ.

ಮತ್ತೆ ಕೇಬಲ್ಲಿಗೇ ಬರ್ತೀನಿ, ಬಿಡೋಕೆ ಮನಸ್ಸಿಲ್ಲ. ಕಾರ್ಬುರೇಟರಿನ ಲಿವರಿನಲ್ಲಿ ಕೇಬಲ್ ಸಿಕ್ಕಿಸೋ ಪಿನ್ನು ಥ್ರಾಟಲ್ ಶಾಫ್ಟಿನ ನಡುವಿನಿಂದ ಸುಮಾರು ಒಂದೂ ಕಾಲಿಂಚಿಗಿಂತ ತುಸು ಕಡಿಮೆ, 1⅛ ಇಂಚು, ದೂರ ಇರಬೇಕು. ಟರ್ಬೊ 350ಯ ಲಿವರಿನ ಯಾವುದೋ ತೂತಿಗೆ ಸಿಕ್ಕಿಸಿದರೆ ಎಳೆತದ ಲೆಕ್ಕವೇ ತಪ್ಪುತ್ತೆ. ಕ್ವಾಡ್ರಾಜೆಟ್ ಕಾರ್ಬುರೇಟರ್ ಇದ್ದರೆ ಗೇರ್‌ಬಾಕ್ಸ್ ತಂದ ಕಾರಿನಿಂದಲೇ ಕೇಬಲ್, ಬ್ರಾಕೆಟ್ಟು, ಲಿವರು ಮೂರನ್ನೂ ಬಿಚ್ಚಿ ತನ್ನಿ. ಹಾಲಿ (Holley) ಕಂಪನಿಯ ಕಾರ್ಬುರೇಟರ್ ಇದ್ದರೆ ಲಿವರಿನ ಜ್ಯಾಮಿತಿ ಸರಿಮಾಡುವ ತುಂಡು ಕೊಳ್ಳಲೇಬೇಕು.

ಹೊಂದಿಸೋದು ಎಂಜಿನ್ ಆಫ್ ಇಟ್ಟು. ಬ್ರಾಕೆಟ್ಟಿನಲ್ಲಿರುವ ಗುಂಡಿ ಒತ್ತಿ ಹಿಡಿದು, ಸ್ಲೈಡರನ್ನು ಥ್ರಾಟಲ್ ಲಿವರಿನಿಂದ ದೂರಕ್ಕೆ, ಫೈರ್‌ವಾಲ್ (ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆ) ಕಡೆಗೆ, ಪೂರ್ತಿ ತಳ್ಳಿ ಗುಂಡಿ ಬಿಡಿ. ಆಮೇಲೆ ಥ್ರಾಟಲ್ ಲಿವರನ್ನು ಕೈಯಲ್ಲಿ ಪೂರ್ತಿ ತೆರೆಯಿರಿ. ಸ್ಲೈಡರ್ ಟಕ್ ಟಕ್ ಅಂತ ತಾನೇ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತೆ. ಕಾರ್ಪೆಟ್ ಅಡ್ಡ ಬಂದು ಪೆಡಲ್ ಪೂರ್ತಿ ಹೋಗದೇ ಇರಬಹುದು, ಇನ್ನೊಬ್ಬರನ್ನು ಸೀಟಲ್ಲಿ ಕೂರಿಸಿ ಒತ್ತಿಸಿ ನೋಡಿ.

ಇಷ್ಟಾದ ಮೇಲೂ ಗೇರ್‌ಬಾಕ್ಸಿನ ಪರೀಕ್ಷಾ ರಂಧ್ರಕ್ಕೆ ಪ್ರೆಷರ್ ಗೇಜ್ ಸಿಕ್ಕಿಸಿ. ಪಾರ್ಕ್‌ನಲ್ಲಿ ಎಂಜಿನ್ ಐಡಲ್ ಓಡುತ್ತಿರುವಾಗ ಕೇಬಲ್ ಮಾತ್ರ ಕೈಯಲ್ಲಿ ಎಳೆಯಿರಿ. ಎಳೆದ ಹಾಗೆ ಮುಳ್ಳು ಏರಬೇಕು, ಬಿಟ್ಟರೆ ಇಳೀಬೇಕು. ಏರದಿದ್ದರೆ ಕೇಬಲ್ ಕೆಳತುದಿಯಲ್ಲಿ ಕಳಚಿರಬಹುದು, ವಾಲ್ವ್ ಸಿಕ್ಕಿಕೊಂಡಿರಬಹುದು. ಪ್ಯಾನ್ ಇಳಿಸಿ ನೋಡಿ, ಕಾರನ್ನು ರಸ್ತೆಗೆ ತರಬೇಡಿ. ಆ ವಿಡಿಯೊ ನೋಡಿ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದ್ದರೆ, ದಯವಿಟ್ಟು ಮುಂದಿನ ಸಲ ಕಾರು ಚಾಲೂ ಮಾಡೋ ಮೊದಲು ಬಾನೆಟ್ ಎತ್ತಿ ಕೇಬಲ್ ಸಿಕ್ಕಿಸಿದೆಯಾ ಅಂತ ನೋಡಿ. ಈ ಬರಹವನ್ನು ಅವರಿಗೂ ಕಳಿಸಿ.